ಗಾಳಿಬಾಯಿಯ ಪುಟ್ಟ ಮುಚ್ಚಳ

ಮೋಟಾರು ಕಾರಿನ ಪಾಲನೆಯ ಬಗ್ಗೆ ಮಾತು ಬಂದರೆ ಎಲ್ಲರೂ ಎಂಜಿನ್ ಆಯಿಲ್, ಬ್ರೇಕ್, ಬ್ಯಾಟರಿಗಳ ಹೆಸರು ಹೇಳುತ್ತಾರೆ. ಅವು ಮುಖ್ಯವೇ, ಅನುಮಾನವಿಲ್ಲ. ಆದರೆ ಇಂದು ನಾವು ವಿಚಾರ ಮಾಡಲಿರುವುದು ಅವುಗಳ ಬಗ್ಗೆ ಅಲ್ಲ. ಟೈರಿಗೆ ಗಾಳಿ ತುಂಬುವ ನಳಿಗೆಯ ತುದಿಯಲ್ಲಿ ಒಂದು ಪುಟ್ಟ ಮುಚ್ಚಳ ಇರುತ್ತದೆ. ಕಿರುಬೆರಳಿನ ತುದಿಗಿಂತ ಚಿಕ್ಕದು, ಒಂದು ಗ್ರಾಂ ತೂಕವೂ ಇರಲಾರದು. ಇದನ್ನು ವಾಲ್ವ್ ಕ್ಯಾಪ್ ಎನ್ನುತ್ತೇವೆ. ಗಾಳಿ ಹಿಡಿಸುವಾಗ ಬಿಚ್ಚಿ ನೆಲದ ಮೇಲಿಡುತ್ತಾರೆ. ಮತ್ತೆ ಹಾಕಲು ಮರೆಯುತ್ತಾರೆ. ನಿಮ್ಮ ಬೀದಿಯಲ್ಲಿ ನಿಂತಿರುವ ಕಾರು, ಸ್ಕೂಟರುಗಳ ಚಕ್ರಗಳನ್ನು ಒಮ್ಮೆ ನೋಡಿಬನ್ನಿ. ಎಷ್ಟೋ ಗಾಳಿನಳಿಗೆಗಳು ಬಾಯಿ ತೆರೆದುಕೊಂಡೇ ಇರುತ್ತವೆ.

ಈ ಮುಚ್ಚಳವಿಲ್ಲದಿದ್ದರೆ ಏನಾಗುತ್ತದೆ? ನಿಮ್ಮಲ್ಲಿ ಹಲವರು "ಗಾಳಿ ಹೋಗಿಬಿಡುತ್ತದೆ" ಎನ್ನಬಹುದು. ಈ ಉತ್ತರ ಪೂರ್ತಿ ಸರಿಯಲ್ಲ. ಮುಚ್ಚಳ ತೆಗೆದ ಕೂಡಲೇ ಟೈರು ಬರಿದಾಗುವುದಿಲ್ಲ. ಮುಚ್ಚಳವಿಲ್ಲದೆ ತಿಂಗಳುಗಟ್ಟಲೆ ಓಡುವ ಕಾರುಗಳೂ ಇವೆ. ಹಾಗಾದರೆ ಅದು ಬೇಕೇಕೆ? ಇದು ತಿಳಿಯಬೇಕಾದರೆ ಮೊದಲು ನಳಿಗೆಯ ಒಳಗೆ ಏನಿದೆ ಎಂಬುದನ್ನು ನೋಡಬೇಕು.

ಗಾಳಿ ತುಂಬಿದ ಟೈರನ್ನು ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬುವರು 1840ರ ದಶಕದಲ್ಲೇ ಕಲ್ಪಿಸಿದ್ದರು. ಅದು ಬಳಕೆಗೆ ಬಂದದ್ದು ಮಾತ್ರ 1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಅವರು ಸೈಕಲ್ ಚಕ್ರಕ್ಕೆ ಅದನ್ನು ಅಳವಡಿಸಿದ ಮೇಲೆ. ಗಾಳಿಯನ್ನು ಒಳಕ್ಕೆ ಬಿಟ್ಟು ಹೊರಕ್ಕೆ ಬಿಡದ ಬಾಗಿಲು ಬೇಕಲ್ಲವೇ? ಅಮೆರಿಕದ ಶ್ರೇಡರ್ ಸಂಸ್ಥೆ ಅಂಥ ಒಂದು ವಾಲ್ವ್ ತಯಾರಿಸಿ 1893ರಲ್ಲಿ ಪೇಟೆಂಟ್ ಪಡೆಯಿತು. ನೂರಮೂವತ್ತು ವರ್ಷ ಕಳೆದರೂ ಇಂದಿನ ಕಾರು, ಮೋಟಾರ್ ಸೈಕಲ್, ಲಾರಿಗಳಲ್ಲಿ ಇರುವುದು ಮೂಲತಃ ಅದೇ ವಾಲ್ವ್.

ಅದರ ರಚನೆ ಬಹಳ ಸರಳ. ನಳಿಗೆಯೊಳಗೆ ತಿರುಪಿನ ಮೂಲಕ ಕೂರಿಸಿದ ಒಂದು ಸಣ್ಣ ಭಾಗವಿದೆ. ಪಂಕ್ಚರ್ ಅಂಗಡಿಯವರು ಇದನ್ನು ವಾಲ್ವ್ ಪಿನ್ ಎನ್ನುತ್ತಾರೆ. ಅದರ ನಡುವೆ ಸೂಜಿಯಂಥ ಕಡ್ಡಿ, ಕಡ್ಡಿಯ ಕೆಳತುದಿಯಲ್ಲಿ ರಬ್ಬರಿನ ಒಂದು ಪುಟ್ಟ ಬಿಲ್ಲೆ, ಜೊತೆಗೆ ಕೂದಲೆಳೆಯಷ್ಟು ತೆಳುವಾದ ತಂತಿಯ ಸ್ಪ್ರಿಂಗ್. ಸ್ಪ್ರಿಂಗ್ ಆ ಬಿಲ್ಲೆಯನ್ನು ಹಿತ್ತಾಳೆಯ ಅಂಚಿಗೆ ಒತ್ತಿ ಹಿಡಿದಿರುತ್ತದೆ. ಟೈರಿನೊಳಗಿನ ಗಾಳಿಯೂ ಅದೇ ದಿಕ್ಕಿಗೆ ಒತ್ತುತ್ತದೆ. ಹೀಗಾಗಿ ಒಳಗೆ ಒತ್ತಡ ಹೆಚ್ಚಿದಷ್ಟೂ ಬಾಗಿಲು ಬಿಗಿಯುತ್ತದೆ. ಗಾಳಿ ತುಂಬುವವರು ಪೈಪನ್ನು ಒತ್ತಿದಾಗ ಕಡ್ಡಿ ಕೆಳಗಿಳಿದು ಬಾಗಿಲು ತೆರೆಯುತ್ತದೆ.

ಗಾಳಿಯನ್ನು ಹಿಡಿದಿಡುವುದು ಈ ಪಿನ್, ಮುಚ್ಚಳವಲ್ಲ. ಮುಚ್ಚಳದ ಕೆಲಸ ಪಿನ್ನನ್ನು ಕಾಯುವುದು. ರಬ್ಬರ್ ಬಿಲ್ಲೆಗೂ ಹಿತ್ತಾಳೆಯ ಅಂಚಿಗೂ ನಡುವೆ ಒಂದು ಮರಳಿನ ಕಣ ಸಿಕ್ಕಿಕೊಂಡರೆ ಸಾಕು, ಬಾಗಿಲು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಆಗ ಗಾಳಿ ಒಮ್ಮೆಗೇ ಹೋಗದೆ ಸದ್ದಿಲ್ಲದೆ, ದಿನಕ್ಕಿಷ್ಟು ಎಂದು ಸೋರುತ್ತದೆ. ಸದ್ದಿಲ್ಲದಿರುವುದೇ ಅದರ ಅಪಾಯ.

ಈಗ ನಮ್ಮ ಕೋಲಾರ ಜಿಲ್ಲೆಯ ಕಡೆಗೆ ಬರೋಣ. ಕೋಲಾರದ ಚಿನ್ನದ ಗಣಿ ಪ್ರದೇಶ, ಅಂದರೆ ಕೆ.ಜಿ.ಎಫ್., ಈ ಪುಟ್ಟ ಮುಚ್ಚಳದ ಮಹತ್ವವನ್ನು ಅರಿಯಲು ಒಳ್ಳೆಯ ಉದಾಹರಣೆ. ಅದಕ್ಕೆ ಕಾರಣ ಅಲ್ಲಿಯ ಧೂಳು.

ಕೆ.ಜಿ.ಎಫ್.ನಲ್ಲಿ ಜಾನ್ ಟೇಲರ್ ಸಂಸ್ಥೆ 1880ರಲ್ಲಿ ಗಣಿಗಾರಿಕೆ ಕೈಗೊಂಡಿತು. 1894ರಲ್ಲಿ ಆಗಿನ ಬೌರಿಂಗ್‌ಪೇಟೆ, ಈಗಿನ ಬಂಗಾರಪೇಟೆಯಿಂದ ಗಣಿಗಳಿಗೆ ರೈಲು ಹಳಿ ಬಂತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರ ತಂತಿ ಎಳೆದು ವಿದ್ಯುತ್ ತಂದರು. ಗಣಿ 3 ಕಿ.ಮೀ.ಗೂ ಹೆಚ್ಚು ಆಳಕ್ಕೆ ಇಳಿಯಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚುವ ಹೊತ್ತಿಗೆ ಸುಮಾರು 800 ಟನ್ ಚಿನ್ನ ಹೊರಬಂದಿತ್ತು.

ಚಿನ್ನ ಹೊರಬಂದದ್ದು ಹೇಗೆ? ಬೆಣಚುಕಲ್ಲಿನ ಅದುರನ್ನು ಒಡೆದು, ಅರೆದು, ಹಿಟ್ಟಿನಂತೆ ಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆಯುತ್ತಿದ್ದರು. ಉಳಿದ ಕಲ್ಲುಹಿಟ್ಟನ್ನು ಊರಿನ ಮಗ್ಗುಲಲ್ಲೇ ಸುರಿದರು. ಅವೇ ಇಂದು ಕಾಣುವ ಬೂದು ಬಣ್ಣದ ಸೈನೈಡ್ ದಿಬ್ಬಗಳು. 2024ರಲ್ಲಿ ಈ ದಿಬ್ಬಗಳಲ್ಲಿ ಉಳಿದಿರುವ ಚಿನ್ನವನ್ನು ಹೊರತೆಗೆಯುವ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ನೀಡಿದಾಗ ತಿಳಿಸಿದ ಲೆಕ್ಕದಂತೆ, ಇಂಥ 13 ದಿಬ್ಬಗಳಲ್ಲಿ ಸುಮಾರು 3 ಕೋಟಿ 30 ಲಕ್ಷ ಟನ್ ಮಣ್ಣಿದೆ.

ಗಾಳಿ ಬೀಸುವ ದಿನಗಳಲ್ಲಿ ಈ ಹಿಟ್ಟು ಏಳುತ್ತದೆ. ಕಿಟಕಿ ಮುಚ್ಚಿದರೂ ಮನೆಯೊಳಗೆ ಬರುತ್ತದೆ, ಒಗೆದು ಹಾಕಿದ ಬಟ್ಟೆಯ ಮೇಲೆ ಕೂರುತ್ತದೆ ಎಂಬುದನ್ನು ಅಲ್ಲಿಯ ವಿದ್ಯಾರ್ಥಿಗಳಿಗೆ ನಾನು ಹೇಳಬೇಕಿಲ್ಲ. ಹೀಗೆ ಮನೆಯೊಳಗೆ ಬರುವ ಧೂಳಿಗೆ ಬಾಯಿ ತೆರೆದ ಗಾಳಿನಳಿಗೆಯೊಳಗೆ ಹೋಗುವುದು ಕಷ್ಟವೇ?

ಈ ಧೂಳಿಗೆ ಇನ್ನೊಂದು ಗುಣವಿದೆ. ಖನಿಜಗಳ ಕಾಠಿಣ್ಯ ಅಳೆಯುವ ಮೋಸ್ ಮಾಪಕವನ್ನು ನೀವು ಓದಿರುತ್ತೀರಿ. ಅದರಲ್ಲಿ ಬೆಣಚುಕಲ್ಲಿನ ಸ್ಥಾನ 7. ಹಿತ್ತಾಳೆಯದು ಸುಮಾರು 3. ರಬ್ಬರಂತೂ ಇವೆರಡಕ್ಕಿಂತ ತೀರ ಮೃದು. ಹೀಗಾಗಿ ಬೆಣಚುಕಲ್ಲಿನ ಕಣ ರಬ್ಬರ್ ಬಿಲ್ಲೆಗೆ ಚುಚ್ಚಿಕೊಳ್ಳುತ್ತದೆ, ಹಿತ್ತಾಳೆಯ ಅಂಚಿಗೆ ಗೀರು ಹಾಕುತ್ತದೆ. ಇದೇ ಕಲ್ಲುಧೂಳು ಗಣಿಯೊಳಗೆ ಕಾರ್ಮಿಕರ ಶ್ವಾಸಕೋಶ ಹೊಕ್ಕು ಸಿಲಿಕೋಸಿಸ್ ಕಾಯಿಲೆ ತಂದಿತ್ತು. ಯಂತ್ರದ ಹಾನಿಯನ್ನು ಮನುಷ್ಯರ ನೋವಿನೊಂದಿಗೆ ತೂಗಲಾಗದು. ಆದರೆ ಎರಡೂ ಕಡೆ ಪಾಠ ಒಂದೇ: ಧೂಳು ಒಳಗೆ ಹೋದ ಮೇಲೆ ತೆಗೆಯುವುದು ಕಷ್ಟ, ಹೋಗದಂತೆ ತಡೆಯುವುದು ಸುಲಭ.

ಧೂಳು ನಳಿಗೆಯ ಬಾಯಲ್ಲಿ ಕೂತರೆ ಚಕ್ರ ತಿರುಗುವಾಗ ಉದುರಿಹೋಗುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಭೌತಶಾಸ್ತ್ರ ಓದುವವರು ಸ್ವಲ್ಪ ಗಮನವಿಟ್ಟು ಯೋಚಿಸಿ. ನಳಿಗೆ ಚಕ್ರದ ರಿಮ್ಮಿನಿಂದ ಹೊರಟು ಒಳಕ್ಕೆ, ಅಂದರೆ ಚಕ್ರದ ನಡುವಿನ ಕಡೆಗೆ ವಾಲಿರುತ್ತದೆ. ಚಕ್ರ ತಿರುಗುವಾಗ ಪ್ರತಿಯೊಂದು ಕಣವೂ ನಡುವಿನಿಂದ ಹೊರಕ್ಕೆ ಎಸೆಯಲ್ಪಡುತ್ತದೆ. ನಳಿಗೆಯಲ್ಲಿ ಕೂತ ಕಣಕ್ಕೆ 'ಹೊರಕ್ಕೆ' ಎಂದರೆ ಬಾಯಿಯ ಕಡೆಗಲ್ಲ, ಆಳಕ್ಕೆ, ಪಿನ್ನಿನ ಕಡೆಗೆ!

ಲೆಕ್ಕ ಬೇಕಾದರೆ ಮಾಡಿ ನೋಡಿ. ಚಕ್ರದ ತ್ರಿಜ್ಯ 30 ಸೆಂ.ಮೀ. ಎಂದೂ ನಳಿಗೆ ನಡುವಿನಿಂದ 18 ಸೆಂ.ಮೀ. ದೂರದಲ್ಲಿದೆ ಎಂದೂ ಇಟ್ಟುಕೊಳ್ಳಿ. ಕಾರು ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದರೆ ಆ ಕಣದ ಮೇಲಿನ ಎಳೆತ ಅದರ ತೂಕದ 50 ಪಟ್ಟಿಗೂ ಹೆಚ್ಚು. ವೇಗ 100 ಕಿ.ಮೀ. ಆದರೆ 150 ಪಟ್ಟಿಗೂ ಹೆಚ್ಚು. ಧೂಳು ಮತ್ತು ಮಳೆನೀರು ಎರಡನ್ನೂ ಚಕ್ರವೇ ಪಿನ್ನಿನ ಮೇಲೆ ಒಟ್ಟುಗೂಡಿಸುತ್ತದೆ. ಮುಂದಿನ ಸಲ ಗಾಳಿ ಹಿಡಿಸುವಾಗ ಪೈಪಿನ ಗಾಳಿ ರಭಸದಿಂದ ಒಳನುಗ್ಗಿ, ಅಲ್ಲಿ ಕೂತ ಕೆಸರನ್ನು ನೇರವಾಗಿ ರಬ್ಬರ್ ಬಿಲ್ಲೆಯ ಹತ್ತಿರಕ್ಕೆ ತಳ್ಳುತ್ತದೆ. ಸೋರಿಕೆ ಆರಂಭವಾಗುವುದು ಹೀಗೆ. ಗಾಳಿ ತುಂಬಿಸಿದ್ದೇವೆ, ಇನ್ನು ನಿಶ್ಚಿಂತೆ ಎಂದುಕೊಂಡ ದಿನವೇ ಗಾಳಿ ಸೋರಲು ಶುರುವಾಗಿರಬಹುದು.

ಸ್ವಲ್ಪ ಗಾಳಿ ಕಡಿಮೆಯಾದರೆ ಅಂಥ ಆಪತ್ತೇನು? ಇದನ್ನೂ ಲೆಕ್ಕದಿಂದಲೇ ನೋಡೋಣ. 1000 ಕಿಲೋ ತೂಕದ ಕಾರಿನಲ್ಲಿ ಒಂದೊಂದು ಚಕ್ರದ ಪಾಲು ಸುಮಾರು 250 ಕಿಲೋ. ಟೈರಿನಲ್ಲಿ 32 ಪೌಂಡ್ ಗಾಳಿ ಇದೆ ಎನ್ನುತ್ತೇವಲ್ಲ, ಅದು ಪ್ರತಿ ಚದರ ಅಂಗುಲಕ್ಕೆ 32 ಪೌಂಡ್. ಅಂದರೆ ಚದರ ಸೆಂಟಿಮೀಟರಿಗೆ ಸುಮಾರು ಎರಡೂಕಾಲು ಕಿಲೋ. 250ನ್ನು ಎರಡೂಕಾಲರಿಂದ ಭಾಗಿಸಿದರೆ ಸುಮಾರು 111 ಚದರ ಸೆಂ.ಮೀ. ಹೆಚ್ಚುಕಡಿಮೆ ನಿಮ್ಮ ಅಂಗೈಯಷ್ಟು ಜಾಗ! ಇಂಥ ನಾಲ್ಕು ಅಂಗೈಗಳ ಮೇಲೆ ಇಡೀ ಸಂಸಾರವನ್ನು ಹೊತ್ತ ಕಾರು ಓಡುತ್ತದೆ. ತೂಕ ಹೊರುವುದು ಬಹುಪಾಲು ಗಾಳಿ. ರಬ್ಬರ್ ಅದಕ್ಕೆ ಚೀಲ ಮಾತ್ರ.

ಗಾಳಿ 24 ಪೌಂಡಿಗೆ ಇಳಿದರೆ ಅದೇ ತೂಕ ಹೊರಲು ಸುಮಾರು 148 ಚದರ ಸೆಂ.ಮೀ. ಜಾಗ ಬೇಕು. ಹಾಗಾಗಿ ಟೈರು ಚಪ್ಪಟೆಯಾಗುತ್ತದೆ, ಅದರ ಪಕ್ಕದ ಗೋಡೆಗಳು ಪ್ರತಿ ಸುತ್ತಿಗೂ ಹೆಚ್ಚು ಬಾಗಿ ಏಳುತ್ತವೆ. ಒಂದು ತಂತಿಯನ್ನು ಅತ್ತಿತ್ತ ಬಾಗಿಸುತ್ತಲೇ ಇದ್ದರೆ ಬಿಸಿಯಾಗುತ್ತದಲ್ಲವೇ? ಟೈರಿನ ಗೋಡೆಗೂ ಹಾಗೆಯೇ. ಬಿಸಿ ಏರಿದಂತೆ ಒಳಗಿನ ಪದರಗಳ ಬೆಸುಗೆ ಸಡಿಲವಾಗುತ್ತದೆ. ಕೊನೆಗೆ ವೇಗದಲ್ಲಿ ಓಡುವಾಗ ಟೈರು ಒಡೆಯಬಹುದು. ಟೈರು ಸಿಡಿಯಿತು ಎಂದ ಕೂಡಲೇ ಗಾಳಿ ಹೆಚ್ಚಾಗಿತ್ತು ಎಂದು ಜನ ಭಾವಿಸುತ್ತಾರೆ. ಎಷ್ಟೋ ಸಲ ನಿಜವಾದ ಕಾರಣ ಗಾಳಿ ಕಡಿಮೆ ಇದ್ದದ್ದು.

ಬಂಗಾರಪೇಟೆ, ಕೆ.ಜಿ.ಎಫ್. ಕಡೆಯ ಮನೆಗಳಿಗೆ ಈ ಮಾತು ಮೊದಲಿಗಿಂತ ಹೆಚ್ಚು ಅನ್ವಯಿಸುತ್ತದೆ. ಗಣಿ ಮುಚ್ಚಿದ ಮೇಲೆ ಕೆಲಸಕ್ಕೆ, ಓದಿಗೆ, ಆಸ್ಪತ್ರೆಗೆ ಬೆಂಗಳೂರಿನ ಕಡೆ ಮುಖ ಮಾಡುವವರು ಹೆಚ್ಚಾದರು. ಬಹಳಷ್ಟು ಜನ ರೈಲಿನಲ್ಲಿ ಹೋಗುತ್ತಾರೆ. ಅವಸರಕ್ಕೆ ಕಾರು ಹಿಡಿಯುವವರೂ ಇದ್ದಾರೆ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಹೊಸಕೋಟೆಯಿಂದ ಬೇತಮಂಗಲದವರೆಗಿನ ಭಾಗ 2024ರ ಡಿಸೆಂಬರಿನಲ್ಲಿ ಸಂಚಾರಕ್ಕೆ ತೆರೆಯಿತು. ಊರೊಳಗೆ 30–40 ಕಿ.ಮೀ. ವೇಗದಲ್ಲಿ ಓಡಾಡುತ್ತಿದ್ದ ಕಾರು ಆ ರಸ್ತೆಗೆ ಏರಿದ ಕೂಡಲೇ 100 ಕಿ.ಮೀ. ಮುಟ್ಟುತ್ತದೆ. ಗಾಳಿ ಇಳಿದ ಟೈರು ಊರಿನ ಬೀದಿಯಲ್ಲಿ ಹೇಗೋ ಸಾಗಿಸಿಬಿಡುತ್ತದೆ. ಹೆದ್ದಾರಿಯಲ್ಲಿ ಒಂದು ಗಂಟೆ ಎಡೆಬಿಡದೆ ಓಡಿದಾಗ ಅದು ತಡೆಯಲಾರದು. ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯುವ ರಾತ್ರಿ ಅದು ಕೈಕೊಟ್ಟರೆ ಏನು ಗತಿ ಎಂದು ಒಮ್ಮೆ ಯೋಚಿಸಿ.

ಗಾಳಿ ಕಡಿಮೆಯಾದರೆ ಟೈರಿನ ಎರಡು ಅಂಚುಗಳೂ ಬೇಗ ಸವೆಯುತ್ತವೆ. ಪೆಟ್ರೋಲ್ ಖರ್ಚೂ ಸ್ವಲ್ಪ ಏರುತ್ತದೆ. ಅಮೆರಿಕದ ಇಂಧನ ಇಲಾಖೆಯ ಅಂದಾಜಿನಂತೆ ಒಂದು ಪೌಂಡ್ ಗಾಳಿ ಇಳಿದರೆ ಮೈಲೇಜು ಸರಾಸರಿ ಶೇಕಡ 0.2ರಷ್ಟು ತಗ್ಗುತ್ತದೆ. ಇದು ದೊಡ್ಡ ಮೊತ್ತವಲ್ಲ. ಹಣಕ್ಕಿಂತ ಪ್ರಾಣ ದೊಡ್ಡದು ಎಂಬುದಕ್ಕಾಗಿಯೇ ಬಿಸಿಯ ವಿಷಯವನ್ನು ಮೊದಲು ಹೇಳಿದೆ.

ಹಾಗಾದರೆ ನಾವು ಮಾಡಬೇಕಾದ್ದೇನು? ಕೆಲಸಗಳು ಬಹಳ ಸುಲಭ.

ಮೊದಲನೆಯದು, ನಾಲ್ಕು ಚಕ್ರಗಳ ಜೊತೆಗೆ ಸ್ಟೆಪ್ನಿಯನ್ನೂ ಸೇರಿಸಿ ಐದು ಮುಚ್ಚಳಗಳೂ ಇವೆಯೇ ನೋಡುವುದು. ಇಲ್ಲದಿದ್ದರೆ ಟೈರ್ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುತ್ತವೆ. ಹಾಕುವ ಮುನ್ನ ನಳಿಗೆಯ ಬಾಯನ್ನು ಒಣಬಟ್ಟೆಯಿಂದ ಒರೆಸಿ. ಬೆರಳಿನಿಂದ ತಿರುಗಿಸಿ ಬಿಗಿ ಮಾಡಿದರೆ ಸಾಕು, ಇಕ್ಕಳ ಬೇಡ.

ಎರಡನೆಯದು, ಮುಚ್ಚಳದ ಆಯ್ಕೆ. ಸಾಧಾರಣ ಪ್ಲಾಸ್ಟಿಕ್ ಮುಚ್ಚಳ ಧೂಳು ತಡೆಯಲು ಸಾಕು. ಒಳಗೆ ರಬ್ಬರ್ ಉಂಗುರವಿರುವ ಮುಚ್ಚಳ ಸಿಕ್ಕರೆ ಇನ್ನೂ ಒಳ್ಳೆಯದು. ಪಿನ್ ಸ್ವಲ್ಪ ಸೋರಿದರೂ ಅದು ಎರಡನೆಯ ಬಾಗಿಲಿನಂತೆ ನಿಲ್ಲುತ್ತದೆ. ಅಂದಕ್ಕಾಗಿ ಕೆಲವರು ಲೋಹದ ಭಾರವಾದ ಮುಚ್ಚಳ ಹಾಕುತ್ತಾರೆ. ಆಗಲೇ ಮಾಡಿದ ಲೆಕ್ಕವನ್ನು ನೆನಪಿಸಿಕೊಳ್ಳಿ: 5 ಗ್ರಾಂ ಮುಚ್ಚಳ 100 ಕಿ.ಮೀ. ವೇಗದಲ್ಲಿ ಮುಕ್ಕಾಲು ಕಿಲೋ ಭಾರದಂತೆ ರಬ್ಬರ್ ನಳಿಗೆಯನ್ನು ಬಾಗಿಸಿ ಎಳೆಯುತ್ತದೆ. ಹೊಸ ಕಾರುಗಳಲ್ಲಿ ಗಾಳಿಯ ಒತ್ತಡವನ್ನು ತಾನೇ ತಿಳಿಸುವ ಸಾಧನವಿದ್ದು, ನಳಿಗೆ ಅಲ್ಯೂಮಿನಿಯಮ್ಮಿನದಾಗಿದ್ದರೆ ಹಿತ್ತಾಳೆಯ ಮುಚ್ಚಳ ಬೇಡವೇ ಬೇಡ. ಎರಡು ಬೇರೆ ಲೋಹಗಳ ನಡುವೆ ತೇವ ಸೇರಿದರೆ ವಿದ್ಯುತ್ ಕೋಶದಲ್ಲಿ ಆಗುವಂಥ ಕ್ರಿಯೆಯೇ ಆಗಿ ತುಕ್ಕು ಹತ್ತುತ್ತದೆ. ಮುಚ್ಚಳ ಕಚ್ಚಿಕೊಂಡು, ಬಿಚ್ಚಲು ಹೋದರೆ ನಳಿಗೆಯೇ ಮುರಿಯಬಹುದು.

ಮೂರನೆಯದು, ಸೋರಿಕೆ ಪರೀಕ್ಷೆ. ಮುಚ್ಚಳ ತೆಗೆದು ನಳಿಗೆಯ ಬಾಯಿಗೆ ಒಂದು ಹನಿ ಸೋಪಿನ ನೀರು ಬಿಡಿ. ಒಂದು ನಿಮಿಷ ಕಾಯಿರಿ. ಗುಳ್ಳೆ ಉಬ್ಬಿದರೆ ಪಿನ್ ಸೋರುತ್ತಿದೆ ಎಂದರ್ಥ. ಪಿನ್ನನ್ನು ನೀವೇ ಬಿಚ್ಚಲು ಹೋಗಬೇಡಿ. ಪಂಕ್ಚರ್ ಅಂಗಡಿಯವರು ಅದಕ್ಕೆಂದೇ ಇರುವ ಚಿಕ್ಕ ಸಾಧನದಿಂದ ಎರಡು ನಿಮಿಷದಲ್ಲಿ ಬದಲಾಯಿಸುತ್ತಾರೆ. ಪರೀಕ್ಷೆಯಾದ ಮೇಲೆ ಬಾಯನ್ನು ಒರೆಸಿ ಮುಚ್ಚಳ ಹಾಕುವುದನ್ನು ಮರೆಯದಿರಿ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಮುಚ್ಚಳ ಇದೆಯೆಂದು ಗಾಳಿ ನೋಡುವುದನ್ನು ಬಿಡಬಾರದು. ಒಳ್ಳೆಯ ಟೈರಿನಿಂದಲೂ ರಬ್ಬರಿನ ಮೂಲಕವೇ ತಿಂಗಳಿಗೆ ಸುಮಾರು ಒಂದು ಪೌಂಡ್ ಗಾಳಿ ಹೊರಹೋಗುತ್ತದೆ. ಹಾಗಾಗಿ ತಿಂಗಳಿಗೊಮ್ಮೆ, ದೂರ ಪ್ರಯಾಣದ ಮುನ್ನ ತಪ್ಪದೆ, ಗಾಳಿ ಅಳೆಯಿಸಬೇಕು. ಅಳೆಯುವುದು ಬೆಳಗ್ಗೆ ಟೈರು ತಣ್ಣಗಿರುವಾಗ. ಅನಿಲದ ಒತ್ತಡ ಅದರ ಉಷ್ಣತೆಯೊಂದಿಗೆ ಏರುತ್ತದೆಂದು ನೀವು ಓದಿದ್ದೀರಿ. ಕಾರಿನ ಟೈರಿನಲ್ಲಿ ಪ್ರತಿ 10 ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಒಂದೂವರೆ ಪೌಂಡ್ ವ್ಯತ್ಯಾಸ. ಬಿಸಿಲಿನಲ್ಲಿ ಓಡಿಬಂದ ಟೈರಿನ ಅಳತೆ ಸರಿಯಾಗಿ ಕಂಡರೂ ಬೆಳಗಿನ ಹೊತ್ತಿಗೆ ಅದು ಕಡಿಮೆಯೇ ಇರಬಹುದು. ನಿಮ್ಮ ಕಾರಿಗೆ ಎಷ್ಟು ಗಾಳಿ ಬೇಕೆಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲಿನ ಚೌಕಟ್ಟಿಗೆ ಅಂಟಿಸಿದ ಚೀಟಿಯಲ್ಲಿರುತ್ತದೆ. ಟೈರಿನ ಮೇಲೆ ಅಚ್ಚಾಗಿರುವ ಸಂಖ್ಯೆ ಟೈರು ತಡೆಯಬಲ್ಲ ಗರಿಷ್ಠ ಮಿತಿ. ಅಷ್ಟು ತುಂಬಬೇಕೆಂದು ಅದರ ಅರ್ಥವಲ್ಲ.

ಗಾಳಿಗೆ ಏನು ಬೆಲೆ ಎಂದು ಉದಾಸೀನ ಮಾಡುವವರು ಕೆ.ಜಿ.ಎಫ್.ನ ಹಿರಿಯರನ್ನು ಕೇಳಬೇಕು. ನೆಲದಾಳದಲ್ಲಿ ಬಂಡೆ ಕೊರೆಯುವ ಯಂತ್ರಗಳು ನಡೆಯುತ್ತಿದ್ದದ್ದು ಮೇಲಿನಿಂದ ಕೊಳವೆಗಳಲ್ಲಿ ಇಳಿಸಿದ ಒತ್ತಡದ ಗಾಳಿಯಿಂದ. ಕೊಳವೆಯ ಕೀಲಿನಲ್ಲಿ ಸೋರಿದರೆ ಯಂತ್ರದ ಶಕ್ತಿ ಅಷ್ಟು ಕುಗ್ಗಿತೆಂದೇ ಲೆಕ್ಕ. ಒತ್ತಿ ತುಂಬಿದ ಗಾಳಿ ಕೂಡಿಟ್ಟ ದುಡಿಮೆ. ಅದನ್ನು ಸೋರಲು ಬಿಡುವುದು ದುಡಿಮೆಯನ್ನು ಚೆಲ್ಲಿದಂತೆ.

ಕೊನೆಯದಾಗಿ ನಿಮಗೊಂದು ಕೆಲಸ ಹೇಳುತ್ತೇನೆ. ನಾಲ್ಕೈದು ಗೆಳೆಯರು ಸೇರಿ ಒಂದು ನೋಟುಪುಸ್ತಕ ಮಾಡಿಕೊಳ್ಳಿ. ನಿಮ್ಮ ಶಾಲೆ, ಕಾಲೇಜಿನ ಆವರಣದಲ್ಲಿ ನಿಲ್ಲುವ ವಾಹನಗಳಲ್ಲಿ ಎಷ್ಟಕ್ಕೆ ಮುಚ್ಚಳವಿದೆ, ಎಷ್ಟಕ್ಕಿಲ್ಲ ಎಂದು ಎಣಿಸಿ ಬರೆದಿಡಿ. ಮಾಲೀಕರ ಅನುಮತಿ ಪಡೆದು, ಹತ್ತು ವಾಹನಗಳ ಗಾಳಿಯ ಒತ್ತಡವನ್ನು ವಾರಕ್ಕೊಮ್ಮೆ ಬೆಳಗ್ಗೆ ಗೇಜಿನಿಂದ ಅಳೆದು, ಎರಡು ತಿಂಗಳು ಬರೆಯುತ್ತಾ ಹೋಗಿ. ಮುಚ್ಚಳವಿದ್ದವಕ್ಕೂ ಇಲ್ಲದವಕ್ಕೂ ವ್ಯತ್ಯಾಸ ಕಂಡಿತೇ? ದಿಬ್ಬದ ಹತ್ತಿರದ ಬಡಾವಣೆಯ ವಾಹನಗಳಿಗೂ ಬಂಗಾರಪೇಟೆಯ ವಾಹನಗಳಿಗೂ ಹೋಲಿಸಿದರೆ ಏನು ಕಾಣುತ್ತದೆ? ಹತ್ತು ವಾಹನಗಳಿಂದ ದೊಡ್ಡ ನಿರ್ಣಯಕ್ಕೆ ಬರಲಾಗದು, ನಿಜ. ಆದರೆ ನಾನು ಹೇಳಿದ್ದನ್ನು ಹಾಗೆಯೇ ಒಪ್ಪದೆ ನೀವೇ ಅಳೆದು ನೋಡಿದಂತಾಗುತ್ತದೆ. ವಿಜ್ಞಾನದ ವಿದ್ಯಾರ್ಥಿಗೆ ಅದೇ ಶೋಭೆ. ಉತ್ತರ ಬೇರೆಯೇ ಬಂದರೆ ಅದಕ್ಕೆ ಕಾರಣ ಹುಡುಕಿ; ಅದೂ ಕಲಿಕೆಯೇ.

ಆ ಪುಸ್ತಕದ ಮೊದಲ ಪುಟದಲ್ಲಿ ನಿಮ್ಮ ಮನೆಯ ವಾಹನವಿರಲಿ. ಇಂದು ಸಂಜೆಯೇ ಅದರ ಚಕ್ರಗಳ ಬಳಿ ಕುಳಿತು ನೋಡಿ. ಮುಚ್ಚಳ ಕಾಣದಿದ್ದರೆ ತಂದೆಯವರಿಗೋ ಅಣ್ಣನಿಗೋ ಹೇಳಿ, ನಾಳೆ ಶಾಲೆಯಿಂದ ಬರುವಾಗ ಒಂದು ಕೊಂಡುತಂದು ಹಾಕಿ. ಎಲ್ಲರ ಪ್ರಯಾಣವೂ ಸುಖಕರವಾಗಿರಲಿ.